ಹೊಸ ಕಲೆಯ ಒಂದು ವರ್ಷ

“ಡಾಕ್ಟ್ರೇ, ಗುರುತೇ ಇರಬಾರದು, ಹಂಗೆ ಮಾಡಿಕೊಡಿ.” ಹಳೆಯ ಗಾಯದ ಕಲೆಯನ್ನು ಸರಿಪಡಿಸಿಕೊಳ್ಳಲು ಪ್ಲಾಸ್ಟಿಕ್ ಸರ್ಜನ್ ಬಳಿ ಹೋಗುವ ಹೆಚ್ಚಿನವರ ಮೊದಲ ಮಾತು ಇದು. ಬೈಕಿನಿಂದ ಬಿದ್ದು ಹಣೆ ಸೀಳಿಕೊಂಡ ಹುಡುಗ, ಬಚ್ಚಲ ಹಂಡೆಯ ಕುದಿನೀರು ಮೈಮೇಲೆ ಬಿದ್ದ ಮಗುವಿನ ತಾಯಿ, ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು ಬೆಳೆದ ಕಾಲೇಜು ಹುಡುಗಿ, ಎಲ್ಲರ ಬೇಡಿಕೆಯೂ ಒಂದೇ. ಒಳ್ಳೆಯ ಸರ್ಜನ್ ಕೊಡುವ ಉತ್ತರ ಕೇಳುವುದಕ್ಕೆ ಅಷ್ಟು ಹಿತವಾಗಿರುವುದಿಲ್ಲ. ಚರ್ಮದ ಒಳಪದರದವರೆಗೆ ಇಳಿದ ಗಾಯದ ಕಲೆಯನ್ನು ಪೂರ್ತಿ ಅಳಿಸುವ ಶಸ್ತ್ರಚಿಕಿತ್ಸೆ ಇನ್ನೂ ಬಂದಿಲ್ಲ. ಇರುವ ಕಲೆಯನ್ನು ಕತ್ತರಿಸಿ ತೆಗೆದರೆ ಆ ಜಾಗದಲ್ಲಿ ಇನ್ನೊಂದು ಕಲೆ ಹುಟ್ಟಿಯೇ ಹುಟ್ಟುತ್ತದೆ. ಅದು ಮೊದಲಿನದಕ್ಕಿಂತ ತೆಳ್ಳಗೆ, ಮೆತ್ತಗೆ, ಸುಲಭಕ್ಕೆ ಕಣ್ಣಿಗೆ ಬೀಳದ ದಿಕ್ಕಿನಲ್ಲಿ ಕೂರಬೇಕು. ಕತ್ತು ತಿರುಗಿಸುವುದಕ್ಕೆ, ಬಾಯಿ ತೆರೆಯುವುದಕ್ಕೆ ಅಡ್ಡಿ ಮಾಡಬಾರದು. ಸರ್ಜನ್ ಮಾಡಬಹುದಾದದ್ದು ಇಷ್ಟು. ಇದು ಸಣ್ಣದೇನೂ ಅಲ್ಲ.

ಆಪರೇಷನ್ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಹೊಸ ಕಲೆ ತನ್ನ ಕೊನೆಯ ರೂಪಕ್ಕೆ ಬರಲು ವರ್ಷವೇ ಬೇಕು. ಆ ವರ್ಷದಲ್ಲಿ ಮನೆಯಲ್ಲಿ ಏನು ನಡೆಯುತ್ತದೆ, ರೋಗಿಗೆ ತನ್ನ ಆರೈಕೆಗೆ ಎಷ್ಟು ಬಿಡುವು ಸಿಗುತ್ತದೆ ಎನ್ನುವುದರ ಮೇಲೆ ಫಲಿತಾಂಶ ಬಹಳಷ್ಟು ನಿಂತಿದೆ. ಆಪರೇಷನ್ ಬಗ್ಗೆ ವಿವರಿಸುವವರು ಸಿಗುತ್ತಾರೆ. ಆ ವರ್ಷದ ಬಗ್ಗೆ ಕೂರಿಸಿಕೊಂಡು ಹೇಳುವವರು ಕಡಿಮೆ. ಕಲೆ ಸರಿಪಡಿಸಿಕೊಂಡವರಲ್ಲಿ ಉಳಿಯುವ ಬೇಸರಕ್ಕೆ ಕತ್ತರಿಗಿಂತ ಈ ಮೌನವೇ ಹೆಚ್ಚು ಕಾರಣ ಎಂದು ನನಗೆ ಅನ್ನಿಸುತ್ತದೆ.

ಗರ್ಭದ ಆರಂಭದ ತಿಂಗಳುಗಳಲ್ಲಿ ಶಿಶುವಿನ ಚರ್ಮಕ್ಕೆ ಗಾಯವಾದರೆ ಅದು ಗುರುತಿಲ್ಲದೆ ಮಾಯುತ್ತದೆ. ಹುಟ್ಟುವ ಹೊತ್ತಿಗೆ ಆ ಶಕ್ತಿ ಹೋಗಿರುತ್ತದೆ. ಆಮೇಲೆ ದೇಹಕ್ಕೆ ಅಂದಕ್ಕಿಂತ ಅವಸರ ಮುಖ್ಯ. ನಂಜು ಒಳಗೆ ಹೋಗುವ ಮೊದಲು ಗಾಯದ ಬಾಯಿ ಕೂಡಬೇಕು. ಮೊದಲ ಕೆಲವು ದಿನ ರಕ್ತ ಹೆಪ್ಪುಗಟ್ಟಿ, ಊತ ಬಂದು, ಬಿಳಿ ರಕ್ತಕಣಗಳು ಗಾಯವನ್ನು ಶುಚಿ ಮಾಡುತ್ತವೆ. ನಂತರದ ಎರಡು ಮೂರು ವಾರ ಕೊಲಾಜೆನ್ ಎಂಬ ಪ್ರೊಟೀನಿನ ಎಳೆಗಳು ಭರದಿಂದ ತುಂಬಿಕೊಳ್ಳುತ್ತವೆ. ಆರೋಗ್ಯವಾಗಿರುವ ಚರ್ಮದಲ್ಲಿ ಈ ಎಳೆಗಳು ಬಿದಿರಿನ ಬುಟ್ಟಿ ಹೆಣೆದ ಹಾಗೆ ಒಂದರೊಳಗೊಂದು ಸೇರಿಕೊಂಡಿರುತ್ತವೆ. ಕಲೆಯಲ್ಲಿ ಹೆಚ್ಚಿನವು ಒಂದೇ ದಿಕ್ಕಿಗೆ ಒತ್ತೊತ್ತಾಗಿ ಮಲಗುತ್ತವೆ. ಅಲ್ಲಿ ಕೂದಲಿನ ಬುಡವಾಗಲಿ ಬೆವರಿನ ಗ್ರಂಥಿಯಾಗಲಿ ಮತ್ತೆ ಹುಟ್ಟುವುದಿಲ್ಲ. ಕಲೆ ಬೆಳಕಿನಲ್ಲಿ ಬೇರೆಯಾಗಿ ಹೊಳೆಯುವುದು, ಬೆರಳಿಗೆ ಬೇರೆಯಾಗಿ ತಾಗುವುದು ಇದರಿಂದಲೇ.

ಗಾಯ ಮಾಯಿತು ಎಂದು ನಾವು ಅಂದುಕೊಂಡ ದಿನದಿಂದ ಅತಿ ದೀರ್ಘವಾದ ಹಂತ ಶುರುವಾಗುತ್ತದೆ. ಅವಸರದಲ್ಲಿ ಹಾಕಿದ ಕೊಲಾಜೆನ್ ಕರಗಿ, ಗಟ್ಟಿ ಬಗೆಯದು ಅದರ ಜಾಗಕ್ಕೆ ಬರುತ್ತಾ ತಿಂಗಳುಗಳು ಹೋಗುತ್ತವೆ. ಮೂರನೆಯ ವಾರದಲ್ಲಿ ಆ ಜಾಗಕ್ಕೆ ಮೊದಲಿನ ಬಲದ ಮೂರರಲ್ಲೊಂದು ಪಾಲೂ ಇರುವುದಿಲ್ಲ. ಎಷ್ಟು ಕಾಲ ಕಳೆದರೂ ಅದು ಸುಮಾರು ಶೇ 80ರ ಹತ್ತಿರ ನಿಲ್ಲುತ್ತದೆ, ಪೂರ್ತಿ ಮರಳುವುದಿಲ್ಲ. ಬಣ್ಣದ ಲೆಕ್ಕ ಇನ್ನೂ ವಿಚಿತ್ರ. ಹೊಲಿಗೆ ಬಿಚ್ಚಿದಾಗ ಸಣ್ಣ ಗೆರೆಯಾಗಿ ಚೆನ್ನಾಗಿಯೇ ಕಾಣುವ ಕಲೆ ಎರಡು, ಮೂರನೆಯ ತಿಂಗಳಲ್ಲಿ ಕೆಂಪಾಗಿ, ಗಟ್ಟಿಯಾಗಿ, ತುಸು ಎದ್ದು, ನವೆ ಶುರುವಾಗುತ್ತದೆ. ಅಲ್ಲಿಂದ ಮುಂದೆ ಮೆಲ್ಲಗೆ ತಣಿಯುತ್ತಾ ಹೋಗುತ್ತದೆ. ಹೀಗಾಗಿಯೇ ಸರ್ಜನ್‌ಗಳು ಗಾಯವಾದ ಮೇಲೆ ಆರು ತಿಂಗಳಿಂದ ಒಂದು ವರ್ಷ ಕಾಯಿರಿ ಎನ್ನುತ್ತಾರೆ. ಮೂರನೆಯ ತಿಂಗಳಲ್ಲಿ ಕತ್ತರಿ ಹಿಡಿದರೆ, ತಾನಾಗಿಯೇ ಒಳ್ಳೆಯದಾಗುತ್ತಿದ್ದ ಕಲೆಯನ್ನು ಕೆದಕಿದಂತಾಗುತ್ತದೆ.

ಆದರೆ ಎಲ್ಲರೂ ಕಾಯುವಂತಿಲ್ಲ. ಕಣ್ಣಿನ ರೆಪ್ಪೆಯನ್ನು ಕಲೆ ಎಳೆದು ಹಿಡಿದು ಕಣ್ಣು ಪೂರ್ತಿ ಮುಚ್ಚದಿದ್ದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಒಣಗಿ ಹುಣ್ಣಾಗುತ್ತದೆ, ದೃಷ್ಟಿಯೇ ಹೋಗಬಹುದು. ಅಲ್ಲಿ ಕಾಯುವ ಮಾತಿಲ್ಲ. ಬಾಯಿಯ ಸುತ್ತ ಬಿಗಿದು ಅನ್ನದ ತುತ್ತು ಹೋಗದಿದ್ದರೆ, ಬೆಳೆಯುವ ಮಗುವಿನ ಬೆರಳುಗಳು ಅಂಗೈಗೆ ಮಡಚಿಕೊಂಡಿದ್ದರೆ ಆಗಲೂ ಬೇಗ ಬಿಡಿಸಬೇಕು. ಮಗುವಿನ ಮೂಳೆ ಬೆಳೆಯುತ್ತದೆ, ಕಲೆ ಅದರ ಜೊತೆ ಬೆಳೆಯುವುದಿಲ್ಲ.

ನಮ್ಮಲ್ಲಿ ಇಂಥ ಬಿಗಿದ ಕಲೆಗಳಿಗೆ ದೊಡ್ಡ ಕಾರಣ ಬೆಂಕಿ ಮತ್ತು ಬಿಸಿನೀರು. ದೇಶದಲ್ಲಿ ವರ್ಷಕ್ಕೆ ಸುಮಾರು 70 ಲಕ್ಷ ಜನ ಸುಟ್ಟಗಾಯಕ್ಕೆ ಒಳಗಾಗುತ್ತಾರೆ ಎಂಬುದು ಕೇಂದ್ರ ಆರೋಗ್ಯ ಸಚಿವಾಲಯ ಬಳಸುತ್ತಾ ಬಂದಿರುವ ಅಂದಾಜು. ಸೀಮೆಎಣ್ಣೆ ಸ್ಟೌ, ಸೆರಗಿಗೆ ತಗುಲುವ ಒಲೆಯ ಉರಿ, ನೆಲದ ಮೇಲೆ ಇಳಿಸಿಟ್ಟ ಸಾರಿನ ಪಾತ್ರೆ, ಹಬ್ಬದ ಪಟಾಕಿ: ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಸುಟ್ಟಗಾಯಗಳ ವಿಭಾಗದಂಥ ವಾರ್ಡುಗಳು ಇವುಗಳ ಪರಿಣಾಮವನ್ನು ಕಾಣುತ್ತವೆ. ಕುತ್ತಿಗೆ ಸುಟ್ಟವರಲ್ಲಿ ಕಲೆ ಬಿಗಿಯುತ್ತಾ ಗದ್ದ ಎದೆಗೆ ಅಂಟಿದಂತಾಗುತ್ತದೆ, ತುಟಿ ಕೆಳಕ್ಕೆ ಜಗ್ಗಿ ಜೊಲ್ಲು ನಿಲ್ಲುವುದಿಲ್ಲ. ಇಂಥವರಿಗೆ ಅರಿವಳಿಕೆ ಕೊಡುವುದೂ ಕಷ್ಟ, ಏಕೆಂದರೆ ಕತ್ತು ಹಿಂದಕ್ಕೆ ಬಾಗದೆ ಉಸಿರಾಟದ ನಳಿಕೆ ಇಳಿಸಲು ದಾರಿ ಸಿಗುವುದಿಲ್ಲ. ಕೆಲವೊಮ್ಮೆ ಆ ಜಾಗವನ್ನು ಮಾತ್ರ ಮರಗಟ್ಟಿಸಿ, ರೋಗಿ ಎಚ್ಚರವಾಗಿರುವಾಗಲೇ ಬಿಗಿತವನ್ನು ಬಿಡಿಸಿ, ಆಮೇಲೆ ಪೂರ್ಣ ಅರಿವಳಿಕೆ ಕೊಡುತ್ತಾರೆ. ಇದನ್ನು ಅಂದ ಹೆಚ್ಚಿಸಿಕೊಳ್ಳುವ ಚಿಕಿತ್ಸೆ ಎಂದು ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಸಂಕಟವಾಗುತ್ತದೆ. ಅನ್ನ ಉಣ್ಣಲು, ಆಕಾಶ ನೋಡಲು, ಕೊಡ ಎತ್ತಲು ಆಗದವರ ಬದುಕನ್ನು ಹಿಂದಕ್ಕೆ ತಂದುಕೊಡುವ ಕೆಲಸ ಅದು.

ಹಳೆಯ ಸುಟ್ಟಗಾಯದ ಬಗ್ಗೆ ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ವರ್ಷಗಟ್ಟಲೆ ಸುಮ್ಮನಿದ್ದ ಕಲೆಯ ಮೇಲೆ ಹುಣ್ಣಾಗಿ, ಮುಲಾಮು ಹಚ್ಚಿದರೂ ಮಾಯದೆ, ಅಂಚು ದಪ್ಪವಾಗುತ್ತಾ ಹೋದರೆ ತಡಮಾಡಬೇಡಿ. ಅಂಥ ಹುಣ್ಣು ಚರ್ಮದ ಕ್ಯಾನ್ಸರ್ ಆಗಿ ತಿರುಗಬಲ್ಲದು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರೆ ಗೊತ್ತಾಗುತ್ತದೆ.

ಕಲೆಗಳಲ್ಲಿ ಕೆಲಾಯ್ಡ್ ಎಂಬುದರ ಜಾತಿಯೇ ಬೇರೆ. ಸಾಧಾರಣ ದಪ್ಪ ಕಲೆ ಗಾಯವಾದ ಗಡಿಯೊಳಗೇ ಎದ್ದು ನಿಂತು, ವರ್ಷ ಕಳೆಯುತ್ತಾ ಕುಗ್ಗುತ್ತದೆ. ಕೆಲಾಯ್ಡ್ ಗಡಿ ದಾಟಿ ಪಕ್ಕದ ಒಳ್ಳೆಯ ಚರ್ಮದ ಮೇಲೂ ಹಬ್ಬುತ್ತದೆ, ತಾನಾಗಿ ನಿಲ್ಲುವುದು ಅಪರೂಪ. ಕಿವಿ ಚುಚ್ಚಿಸಿದ ಹಾಲೆ, ಎದೆಯ ನಡುಭಾಗ, ಭುಜ, ದವಡೆಯ ಅಂಚು ಅದರ ನೆಚ್ಚಿನ ಜಾಗಗಳು. ಮೊಡವೆ ಚಿವುಟಿದ್ದರಿಂದ, ಲಸಿಕೆಯ ಗುರುತಿನಿಂದಲೂ ಅದು ಎದ್ದೀತು. ನಮ್ಮಂಥ ಗಾಢ ಬಣ್ಣದ ಚರ್ಮದವರಲ್ಲಿ ಬಿಳಿಯರಿಗಿಂತ ಹೆಚ್ಚು, ಕೆಲವು ಮನೆತನಗಳಲ್ಲಿ ಇನ್ನೂ ಹೆಚ್ಚು. ಇದನ್ನು ಬರಿದೇ ಕತ್ತರಿಸಿ ಹೊಲಿದರೆ ಹತ್ತಿರಹತ್ತಿರ ಅರ್ಧ ಜನರಿಗಾದರೂ ಮತ್ತೆ ಬರುತ್ತದೆ. ಬಹುತೇಕ ಎಲ್ಲರಿಗೂ ಮರಳಿತು ಎನ್ನುವ ವರದಿಗಳೂ ಇವೆ. ಮರಳಿ ಬಂದದ್ದು ಮೊದಲಿನದಕ್ಕಿಂತ ದೊಡ್ಡದಾಗಿರಲೂಬಹುದು. ಹೀಗಾಗಿ ಕೆಲಾಯ್ಡ್‌ಗೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದನ್ನು ಗಂಟಿನೊಳಗೇ ಕೊಡುತ್ತಾರೆ. ಕತ್ತರಿಸಲೇಬೇಕಾದರೆ ಆಪರೇಷನ್ ಆದ ಒಂದೆರಡು ದಿನದಲ್ಲೇ ವಿಕಿರಣ ಚಿಕಿತ್ಸೆಯನ್ನೋ, ಮುಂದಿನ ತಿಂಗಳುಗಳಲ್ಲಿ ಚುಚ್ಚುಮದ್ದನ್ನೋ ಜೊತೆಗೂಡಿಸುತ್ತಾರೆ. ಚುಚ್ಚುಮದ್ದು ನೋಯುತ್ತದೆ, ಸುತ್ತಲಿನ ಚರ್ಮ ಬಿಳಿಚಬಹುದು, ತಗ್ಗಾಗಬಹುದು. ಇದನ್ನೆಲ್ಲ ಮೊದಲೇ ಹೇಳದೆ “ಚಿಕ್ಕ ಗಂಟು, ತೆಗೆದುಬಿಡೋಣ” ಎನ್ನುವವರ ಹತ್ತಿರ ಕಿವಿ ಕೊಡಬೇಡಿ.

ಇನ್ನು ಕತ್ತರಿಯ ಕೆಲಸ. 1861ರಲ್ಲಿ ಆಸ್ಟ್ರಿಯಾದ ಅಂಗರಚನಾಶಾಸ್ತ್ರಜ್ಞ ಕಾರ್ಲ್ ಲಾಂಗರ್ ಶವಗಳ ಚರ್ಮಕ್ಕೆ ದುಂಡನೆಯ ಮೊನೆಯಿಂದ ಚುಚ್ಚಿ ನೋಡಿದರು. ತೂತುಗಳು ದುಂಡಗೆ ಉಳಿಯಲಿಲ್ಲ, ಉದ್ದುದ್ದಕ್ಕೆ ಬಾಯಿಬಿಟ್ಟವು. ಪ್ರತಿ ಜಾಗದಲ್ಲೂ ಚರ್ಮಕ್ಕೆ ತನ್ನದೇ ಸೆಳೆತದ ದಿಕ್ಕಿದೆ ಎಂದು ಹಾಗೆ ಗೊತ್ತಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಪ್ಲಾಸ್ಟಿಕ್ ಸರ್ಜನ್ ಆಲ್ಬರ್ಟ್ ಬೋರ್ಗೆಸ್ ಜೀವಂತ ಮುಖದ ಮೇಲೆ, ಸ್ನಾಯುಗಳು ಸಡಿಲವಾಗಿರುವಾಗ ಚರ್ಮವನ್ನು ಚಿವುಟಿ ಹಿಡಿದರೆ ಕಾಣುವ ಗೆರೆಗಳನ್ನು ಗುರುತಿಸಿದರು. ಹಣೆಯಲ್ಲಿ ಅವು ಅಡ್ಡಕ್ಕೆ, ಕಣ್ಣಿನ ಹೊರತುದಿಯಲ್ಲಿ ಬೀಸಣಿಗೆಯ ಕಡ್ಡಿಗಳಂತೆ ಹೊರಕ್ಕೆ ಹರಡುತ್ತವೆ. ವಯಸ್ಸಾದವರ ನೆರಿಗೆಗಳು ಹೆಚ್ಚುಕಡಿಮೆ ಈ ದಾರಿಯನ್ನೇ ಹಿಡಿಯುತ್ತವೆ. ಈ ಗೆರೆಗುಂಟ ಇರುವ ಕಲೆ ನೆರಿಗೆಯಲ್ಲಿ ಸೇರಿಹೋಗುತ್ತದೆ. ಅದಕ್ಕೆ ಅಡ್ಡಲಾಗಿ ಹಾದ ಕಲೆಯನ್ನು ನಕ್ಕಾಗ, ಮಾತಾಡಿದಾಗ ಸೆಳೆತ ಎಳೆದು ಅಗಲಿಸುತ್ತಲೇ ಇರುತ್ತದೆ. ಅಪಘಾತಕ್ಕೆ ದಿಕ್ಕು ಆರಿಸಿಕೊಳ್ಳುವ ಅವಕಾಶವಿಲ್ಲ, ಸರ್ಜನ್‌ಗೆ ಇದೆ.

ಆ ದಿಕ್ಕನ್ನು ತಿರುಗಿಸುವ ಉಪಾಯಗಳಲ್ಲಿ ಅತ್ಯಂತ ಸೊಗಸಾದದ್ದು ಝಡ್-ಪ್ಲಾಸ್ಟಿ. ಪ್ಯಾರಿಸ್ಸಿನ ಡೆನೊನ್‌ವಿಲಿಯೆ ಎಂಬ ಸರ್ಜನ್ 1856ರಲ್ಲಿ ಕೆಳಕ್ಕೆ ಜಗ್ಗಿದ ಕಣ್ರೆಪ್ಪೆಯನ್ನು ಸರಿಪಡಿಸಲು ಇದನ್ನು ಬಳಸಿದ್ದರು. ಬಿಗಿದ ಕಲೆಯನ್ನು ನಡುವಿನ ಗೆರೆ ಮಾಡಿಕೊಂಡು, ಅದರ ಎರಡು ತುದಿಯಿಂದ ಎದುರುಬದುರು ದಿಕ್ಕಿಗೆ ಎರಡು ಗೆರೆ ಎಳೆದರೆ ಇಂಗ್ಲಿಷಿನ ಝಡ್ ಅಕ್ಷರ ಮೂಡುತ್ತದೆ. ಆ ಗೆರೆಗಳಗುಂಟ ಕೊಯ್ದಾಗ ಚರ್ಮದ ಎರಡು ತ್ರಿಕೋನಗಳು ಬಿಡಿಸಿಕೊಳ್ಳುತ್ತವೆ. ಇದರ ಜಾಗಕ್ಕೆ ಅದನ್ನು, ಅದರ ಜಾಗಕ್ಕೆ ಇದನ್ನು ತಂದು ಹೊಲಿದರೆ ಎರಡು ಲಾಭ: ನಡುವಿನ ಗೆರೆ ತಿರುಗಿ ಅಡ್ಡಕ್ಕೆ ನಿಲ್ಲುತ್ತದೆ, ಮತ್ತು ಬಿಗಿದಿದ್ದ ದಿಕ್ಕಿನಲ್ಲಿ ಉದ್ದ ಸಿಗುತ್ತದೆ. ಕೋನ 30 ಡಿಗ್ರಿ ಇದ್ದರೆ ಲೆಕ್ಕದ ಪ್ರಕಾರ ಶೇ 25, 45 ಇದ್ದರೆ ಶೇ 50, 60 ಇದ್ದರೆ ಶೇ 75ರಷ್ಟು ಹೆಚ್ಚುವರಿ ಉದ್ದ. ಚರ್ಮ ಕಾಗದವಲ್ಲವಾದ್ದರಿಂದ ದೇಹದ ಮೇಲೆ ಸಿಗುವುದು ಇದಕ್ಕಿಂತ ತುಸು ಹೆಚ್ಚುಕಡಿಮೆ. ಪಕ್ಕದಲ್ಲಿರುವ ಸಡಿಲ ಚರ್ಮವನ್ನು ಎರವಲು ಪಡೆದು ಬಿಗಿದ ಕಡೆಗೆ ಕೊಡುವ ಈ ಲೆಕ್ಕಾಚಾರ ಬೆರಳ ಸಂದಿಗೂ ಆದೀತು, ಕಂಕುಳಿಗೂ ಆದೀತು, ಕುತ್ತಿಗೆಯ ಸಣ್ಣ ಪಟ್ಟಿಗೂ ಆದೀತು.

ಇದರಲ್ಲಿ ರೋಗಿಗಳನ್ನು ದಿಗಿಲುಗೊಳಿಸುವ ಒಂದು ಸಂಗತಿಯಿದೆ. ನೆಟ್ಟಗಿದ್ದ ಒಂದು ಕಲೆ ಹೋಗಿ ಅಂಕುಡೊಂಕಾದ ಮೂರು ಗೆರೆ ಬಂದಿರುತ್ತದೆ. ಅಳೆದರೆ ಮೊದಲಿಗಿಂತ ಉದ್ದ. ಸುಮ್ಮನೆ ಕತ್ತರಿಸಿ ನೇರ ಹೊಲಿಯುವ ಸರಳ ವಿಧಾನದಲ್ಲೂ ಹಾಗೆಯೇ. ಒಂದು ಸೆಂಟಿಮೀಟರ್ ಅಗಲದ ಕಲೆಯನ್ನು ತುದಿಗಳು ಉಬ್ಬದಂತೆ ತೆಗೆಯಲು ಸುಮಾರು ಮೂರು ಸೆಂಟಿಮೀಟರ್ ಉದ್ದದ ಕೊಯ್ತ ಬೇಕಾಗುತ್ತದೆ. ನಮ್ಮ ಕಣ್ಣು ಉದ್ದವಾದ ನೇರ ಗೆರೆಯನ್ನು ಬೇಗ ಹಿಡಿಯುತ್ತದೆ, ಮುರಿದ ಗೆರೆ ಅದರಿಂದ ತಪ್ಪಿಸಿಕೊಳ್ಳುತ್ತದೆ. ಕೆನ್ನೆಯ ನೇರ ಕಲೆಗಳನ್ನು ಬೇಕೆಂದೇ ಸಣ್ಣ ಸಣ್ಣ ಅಂಕುಡೊಂಕಾಗಿ ಮಾಡುವುದು ಈ ಕಾರಣಕ್ಕೆ. ಆಪರೇಷನ್‌ಗೆ ಮೊದಲೇ ಸರ್ಜನ್ ನಿಮ್ಮ ಮುಖದ ಮೇಲೆ ಪೆನ್ನಿನಿಂದ ಗೆರೆ ಎಳೆದು ಕನ್ನಡಿಯಲ್ಲಿ ತೋರಿಸಿದರೆ ಅರ್ಧ ಗಾಬರಿ ಅಲ್ಲಿಯೇ ಕಳೆಯುತ್ತದೆ. ತೋರಿಸದಿದ್ದರೆ ನೀವೇ ಕೇಳಿ.

ಒಂದೇ ಸಲಕ್ಕೆ ತೆಗೆಯಲಾಗದ ಅಗಲದ ಕಲೆಯನ್ನು ತಿಂಗಳುಗಳ ಅಂತರದಲ್ಲಿ ಎರಡು ಮೂರು ಕಂತಿನಲ್ಲಿ ಕಿರಿದಾಗಿಸುತ್ತಾರೆ. ಇಲ್ಲವೇ ಪಕ್ಕದ ಚರ್ಮದಡಿ ಸಿಲಿಕೋನ್ ಚೀಲವಿಟ್ಟು, ವಾರವಾರವೂ ಉಪ್ಪುನೀರು ತುಂಬಿಸಿ ಚರ್ಮವನ್ನು ಹಿಗ್ಗಿಸಿ, ಆಮೇಲೆ ಅದನ್ನೇ ಎಳೆದು ಹೊದಿಸುತ್ತಾರೆ. ಸುಟ್ಟ ಕುತ್ತಿಗೆಯಲ್ಲಿ ಬಿಗಿತ ಬಿಡಿಸಿದಾಗ ಬೀಳುವ ದೊಡ್ಡ ಖಾಲಿ ಜಾಗಕ್ಕೆ ತೊಡೆಯಿಂದ ಚರ್ಮ ತೆಗೆದು ಕಸಿ ಮಾಡಬೇಕಾಗುತ್ತದೆ. ತೊಡೆಯ ಆ ಜಾಗವೂ ಕೆಲವು ದಿನ ಉರಿಯುತ್ತದೆ, ಅಲ್ಲಿಯೂ ಗುರುತು ಉಳಿಯುತ್ತದೆ. ಇದನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ತಿಳಿದಿರಬೇಕು.

ಆಪರೇಷನ್‌ಗೆ ಮುಂಚಿನ ತಯಾರಿಯಲ್ಲಿ ತಂಬಾಕಿನದೇ ದೊಡ್ಡ ಮಾತು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುವುದರಿಂದ ತಿರುಗಿಸಿ ಹೊಲಿದ ಚರ್ಮದ ತುದಿ ಕಪ್ಪಾಗಿ ಸತ್ತುಹೋಗಬಹುದು. ಮೊದಲೂ ಆಮೇಲೂ ನಾಲ್ಕು ವಾರವಾದರೂ ಬೀಡಿ ಸಿಗರೇಟು ಬಿಡಬೇಕು. ಗುಟ್ಕಾ, ಹೊಗೆಸೊಪ್ಪು, ಎಲೆಅಡಿಕೆಯ ಜೊತೆಗಿನ ತಂಬಾಕು ಕೂಡ ಇದೇ ಲೆಕ್ಕ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ತಾವಾಗಿಯೇ ನಿಲ್ಲಿಸಬಾರದು. ಹೃದಯದ ವೈದ್ಯರೂ ಸರ್ಜನ್ನರೂ ಮಾತಾಡಿಕೊಂಡು ತೀರ್ಮಾನಿಸಬೇಕು. ನಾಟಿ ಔಷಧಿ, ಕಷಾಯ, ಚೂರ್ಣ ತೆಗೆದುಕೊಳ್ಳುತ್ತಿದ್ದರೆ ಸಂಕೋಚಪಡದೆ ಹೇಳಿ. ಕೆಲವು ರಕ್ತಸ್ರಾವ ಹೆಚ್ಚಿಸುತ್ತವೆ.

ಮುಖದ ಸಣ್ಣ ಕಲೆಗೆ ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಸಾಕು. ಸೂಜಿ ಚುಚ್ಚುವಾಗಿನ ಉರಿ ಒಂದು ನಿಮಿಷದ್ದು. ಆಮೇಲೆ ಎಳೆತ, ಒತ್ತು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ. ಅಂದೇ ಮನೆಗೆ ಹೋಗಬಹುದು. ಒಳಗಿನ ಪದರದಲ್ಲಿ ತಾನಾಗಿ ಕರಗುವ ದಾರದ ಹೊಲಿಗೆ, ಮೇಲೆ ತೆಳುವಾದ ಹೊಲಿಗೆ ಹಾಕಿರುತ್ತಾರೆ. ಸೆಳೆತವನ್ನು ತಡೆದು ಕಲೆ ಅಗಲವಾಗದಂತೆ ಕಾಯುವುದು ಕಣ್ಣಿಗೆ ಕಾಣದ ಆ ಒಳಹೊಲಿಗೆ. ಕೆಲವರಿಗೆ ವಾರಗಳ ನಂತರ ಅದರ ಒಂದು ತುದಿ ಸಣ್ಣ ಗುಳ್ಳೆಯಾಗಿ ಹೊರಗೆ ಬರುವುದುಂಟು. ಗಾಬರಿಪಟ್ಟು ಉಗುರಿನಿಂದ ಕೀಳದೆ ಆಸ್ಪತ್ರೆಗೆ ಹೋಗಿ ತೆಗೆಸಿಕೊಂಡರಾಯಿತು.

ಮೊದಲ ಎರಡು ಮೂರು ದಿನ ಊತ ಏರುತ್ತದೆ, ಕಣ್ಣಿನ ಹತ್ತಿರವಾದರೆ ಸುತ್ತಲೂ ನೀಲಿಗಟ್ಟುತ್ತದೆ. ತಲೆದಿಂಬು ಎತ್ತರಿಸಿ ಮಲಗಿದರೆ ಬೇಗ ಇಳಿಯುತ್ತದೆ. ಪ್ಯಾರಾಸಿಟಮಾಲ್‌ಗೆ ಬಗ್ಗುವಷ್ಟು ನೋವು ಸಹಜ. ನೋವು ದಿನೇ ದಿನೇ ಕಡಿಮೆಯಾಗುವ ಬದಲು ಏರಿದರೆ, ಒಂದು ಕಡೆ ಇದ್ದಕ್ಕಿದ್ದಂತೆ ಬಿಗಿದು ಉಬ್ಬಿದರೆ ಒಳಗೆ ರಕ್ತ ನಿಂತಿರಬಹುದು. ಕೆಂಪು ಹರಡಿ, ಕೀವು ಬಂದು, ಜ್ವರ ಕಾದರೆ ನಂಜಾಗಿದೆ. ಈ ಎರಡಕ್ಕೂ ರಾತ್ರಿ ಹಗಲೆನ್ನದೆ ವೈದ್ಯರನ್ನು ಕಾಣಬೇಕು. ಮುಖದ ಹೊಲಿಗೆಯನ್ನು ಐದರಿಂದ ಏಳು ದಿನದೊಳಗೆ, ಕೈಕಾಲು ಮೈಯ ಹೊಲಿಗೆಯನ್ನು ಹತ್ತರಿಂದ ಹದಿನಾಲ್ಕು ದಿನಕ್ಕೆ ಬಿಚ್ಚುತ್ತಾರೆ. ದೂರದ ಊರಿನವರು ಬಸ್ಸಿನ ಖರ್ಚು ನೋಡಿ ಮುಖದ ಹೊಲಿಗೆ ಬಿಚ್ಚಿಸುವುದನ್ನು ಮುಂದೂಡುತ್ತಾರೆ. ತಡವಾದರೆ ದಾರ ಕೂತ ಜಾಗದಲ್ಲಿ ಏಣಿ ಮೆಟ್ಟಿಲಿನಂಥ ಅಡ್ಡ ಗುರುತು ಉಳಿಯುತ್ತದೆ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಬಿಚ್ಚಿಸಬಹುದೇ ಎಂದು ಸರ್ಜನ್ನರನ್ನು ಕೇಳಿ, ಚೀಟಿ ಬರೆಸಿಕೊಂಡು ಹೋಗುವುದು ಒಳ್ಳೆಯದು.

ಮನೆಯಲ್ಲಿ ಆಗ ಪಥ್ಯದ ಗಲಾಟೆ ಶುರುವಾಗಿರುತ್ತದೆ. ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಮೊಟ್ಟೆ ಮೀನು ಮುಟ್ಟಬಾರದು, ಬೇಳೆ ವಾಯು. ಕೊನೆಗೆ ರೋಗಿಗೆ ಉಳಿಯುವುದು ಗಂಜಿ, ಬ್ರೆಡ್ಡು. ಪ್ರೀತಿಯಿಂದ ಹೇಳುವ ಮಾತೇ ಆದರೂ ಇದು ಗಾಯವನ್ನು ಉಪವಾಸ ಕೆಡವಿದ ಹಾಗೆ. ಕೊಲಾಜೆನ್ ಕಟ್ಟಲು ಪ್ರೊಟೀನು ಬೇಕು, ವಿಟಮಿನ್ ಸಿ ಬೇಕು. ತಿನ್ನುವವರಿಗೆ ಮೊಟ್ಟೆ, ಮೀನು ಕೊಡಿ. ಬೇಳೆ, ಮೊಳಕೆಕಾಳು, ಹಾಲು ಮೊಸರು, ನೆಲ್ಲಿಕಾಯಿ, ಸೀಬೆಹಣ್ಣು ಎಲ್ಲವೂ ಒಳ್ಳೆಯವೇ. ಯಾವುದಾದರೂ ಪದಾರ್ಥ ಮೊದಲಿನಿಂದಲೂ ಆಗಿಬರದಿದ್ದರೆ ಅದನ್ನಷ್ಟೇ ಬಿಡಿ.

ಹದಿನೈದು ದಿನ ಕಳೆದು ನೆಂಟರಿಷ್ಟರು ನೋಡಲು ಬಂದಾಗ ಕಲೆ ಚೆನ್ನಾಗಿಯೇ ಇರುತ್ತದೆ. “ಗೊತ್ತೇ ಆಗಲ್ಲ ಕಣೇ” ಎಂದು ಹೇಳಿ ಹೋಗುತ್ತಾರೆ. ಎರಡು ತಿಂಗಳಾಗುವ ಹೊತ್ತಿಗೆ ಕನ್ನಡಿ ಬೇರೆ ಮಾತು ಹೇಳತೊಡಗುತ್ತದೆ. ಕೆಂಪು, ಗಡಸು, ನವೆ. ಆಪರೇಷನ್ ಕೆಟ್ಟಿತು ಎಂದು ಎಷ್ಟೋ ಜನ ಅಳುವುದು, ಮಸಾಜು ಮುಲಾಮು ಎಲ್ಲ ಬಿಟ್ಟು ಕೂರುವುದು ಈ ತಿಂಗಳಲ್ಲಿ. ಇದು ಕಲೆ ಹಾದುಹೋಗಲೇಬೇಕಾದ ಹಂತ ಎಂದು ಮೊದಲೇ ಹೇಳಿದ್ದರೆ ಆ ಕಣ್ಣೀರು ತಪ್ಪುತ್ತಿತ್ತು. ಮಗಳ ಮದುವೆ ಗೊತ್ತಾದ ಮೇಲೆ, “ಇನ್ನು ಎರಡು ತಿಂಗಳಿದೆ, ಅಷ್ಟರೊಳಗೆ ಸರಿಮಾಡಿ” ಎಂದು ಕರೆತರುವ ತಂದೆತಾಯಿಗೆ ಇದನ್ನು ಕಡ್ಡಾಯವಾಗಿ ಹೇಳಬೇಕು. ಹಾಗೆ ಮಾಡಿಸಿದರೆ ಮುಹೂರ್ತದ ದಿನ ಕಲೆ ಅತಿ ಕೆಂಪಗಿರುವ ಕಾಲಕ್ಕೇ ಸರಿಯಾಗುತ್ತದೆ. ಮದುವೆಗೆ ಒಂದು ವರ್ಷ ಮುಂಚೆ ಮಾಡಿಸಿ, ಇಲ್ಲವೇ ಮದುವೆ ಮುಗಿದ ಮೇಲೆ ಮಾಡಿಸಿ. ಇದಕ್ಕೂ ಮೊದಲು, ಆ ಕಲೆ ಯಾರನ್ನು ಕಾಡುತ್ತಿದೆ ಎಂದು ಹುಡುಗಿಯನ್ನೇ ಕೇಳಿ. ಅವಳಿಗೆ ಬೇಡವಾಗಿದ್ದರೆ ಯಾರ ಒತ್ತಾಯಕ್ಕೂ ಅವಳ ಮುಖದ ಮೇಲೆ ಕತ್ತರಿ ಆಡಬಾರದು.

ಈ ತಿಂಗಳುಗಳ ಆರೈಕೆ ದುಬಾರಿಯಾಗಬೇಕೆಂದೇನಿಲ್ಲ. ಗಾಯ ಪೂರ್ತಿ ಕೂಡಿದ ಮೇಲೆ, ಸಾಮಾನ್ಯವಾಗಿ ಎರಡು ಮೂರು ವಾರದ ನಂತರ, ವೈದ್ಯರು ಹೇಳಿದ ದಿನದಿಂದ ಮಸಾಜು ಶುರು. ಬೆರಳ ತುದಿಯಿಂದ ಕಲೆಯ ಬಣ್ಣ ತುಸು ಬಿಳಿಚುವಷ್ಟು ಒತ್ತಿ, ಕೆಳಗಿನ ಪದರದ ಮೇಲೆ ಚರ್ಮ ಜರುಗುವಂತೆ ತಿಕ್ಕಬೇಕು, ದಿನಕ್ಕೆ ಎರಡು ಮೂರು ಸಲ. ಸಿಲಿಕೋನ್ ಜೆಲ್ಲು ಅಥವಾ ಹಾಳೆಗೆ ದಪ್ಪ ಕಲೆಯನ್ನು ತಡೆಯುವಲ್ಲಿ ದಶಕಗಳ ಅನುಭವದ ಬಲವಿದೆ. ಹಾಳೆ ದಿನಕ್ಕೆ ಹನ್ನೆರಡು ಗಂಟೆಗಾದರೂ ಮೈಮೇಲಿರಬೇಕು, ಎರಡು ಮೂರು ತಿಂಗಳಾದರೂ ಬಿಡದೆ ಹಾಕಬೇಕು. ಒಂದೇ ಹಾಳೆಯನ್ನು ಸೋಪಿನಲ್ಲಿ ತೊಳೆದು ಮತ್ತೆ ಬಳಸಬಹುದು. ಅದು ಕೈಗೆಟುಕದವರಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಕಾಗದದ ಪಟ್ಟಿಯನ್ನು ಕಲೆಯ ಮೇಲೆ ತಿಂಗಳುಗಳ ಕಾಲ ಅಂಟಿಸಿಕೊಳ್ಳುವುದು ಕೂಡ ಸೆಳೆತ ತಗ್ಗಿಸುತ್ತದೆ. ವಿಟಮಿನ್ ಇ ಗುಳಿಗೆ ಒಡೆದು ಹಚ್ಚುವವರು ಬಹಳ. ಅದರಿಂದ ಲಾಭವಿದೆ ಎಂದು ಸಾಬೀತಾಗಿಲ್ಲ, ಕೆಲವರಿಗೆ ತುರಿ ಎದ್ದು ಇನ್ನಷ್ಟು ಕೆಡುತ್ತದೆ. ಬಿಸಿಲು ನಮ್ಮ ಚರ್ಮಕ್ಕೆ ವಿಶೇಷ ಶತ್ರು, ಎಳೆಯ ಕಲೆಯನ್ನು ಕಪ್ಪಾಗಿಸಿ ಆ ಕಪ್ಪನ್ನು ಕೂರಿಸಿಬಿಡುತ್ತದೆ. ಟೊಪ್ಪಿ, ಛತ್ರಿ, ಸೆರಗು, ಜೊತೆಗೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್, ವರ್ಷ ತುಂಬುವವರೆಗೆ.

ಸುಟ್ಟ ಕಲೆ ಬಿಡಿಸಿಕೊಂಡವರ ವರ್ಷ ಇದಕ್ಕಿಂತ ಬಹಳ ಕಠಿಣ. ಕಸಿ ಮಾಡಿದ ಚರ್ಮಕ್ಕೆ ಮುದುಡುವ ಸ್ವಭಾವವಿದೆ. ಕುತ್ತಿಗೆಗೆ ಗಡಸು ಕಾಲರ್, ಕೈಗೆ ಸ್ಪ್ಲಿಂಟ್, ದಿನವೂ ಫಿಸಿಯೋಥೆರಪಿ ಇಲ್ಲದೆ ಹೋದರೆ ಕೆಲವೇ ತಿಂಗಳಲ್ಲಿ ಗದ್ದ ಮತ್ತೆ ಕೆಳಗಿಳಿಯುತ್ತದೆ. ಮೈಗೆ ಅಂಟುವ ಒತ್ತುಬಟ್ಟೆಯನ್ನು ದಿನದ 23 ಗಂಟೆ, ಆರು ತಿಂಗಳಿಂದ ವರ್ಷದವರೆಗೆ ತೊಡಬೇಕು, ಸ್ನಾನಕ್ಕೆ ಮಾತ್ರ ಬಿಡುವು. ಕಲಬುರಗಿ, ರಾಯಚೂರಿನ ಏಪ್ರಿಲ್ ತಿಂಗಳನ್ನು ನೆನೆದುಕೊಂಡು ಈ ಸಲಹೆಯನ್ನು ಓದಿ. ಬೆವರು ಗ್ರಂಥಿಯೇ ಇಲ್ಲದ ಕಲೆಯ ಮೇಲೆ ಬಿಗಿಬಟ್ಟೆ. ಒಳಗೆ ಸೆಕೆ, ಮೇಲೆ ನವೆ. ಹೊಲದ ಕೆಲಸ, ಒಲೆಯ ಕೆಲಸ ಎರಡೂ ತಪ್ಪದ ಹೆಣ್ಣುಮಗಳು ಕಾಲರ್ ಕಳಚಿಡುವುದನ್ನು ಅಶಿಸ್ತು ಎಂದು ಬರೆದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಡಿಸ್ಚಾರ್ಜ್ ದಿನ ಗಂಡ, ಅತ್ತೆ, ತಾಯಿ ಯಾರಿದ್ದಾರೋ ಅವರನ್ನು ಕೂರಿಸಿ, ಆರು ತಿಂಗಳು ಇವಳು ಒಲೆ ಮುಂದೆ ನಿಲ್ಲುವಂತಿಲ್ಲ, ನೀರು ಹೊರುವಂತಿಲ್ಲ ಎಂದು ವೈದ್ಯರೇ ಹೇಳಿದರೆ ಅದಕ್ಕೆ ತೂಕ ಬರುತ್ತದೆ. ಅವಳು ಹೇಳಿದರೆ ಸೋಮಾರಿತನ ಅನ್ನಿಸಿಕೊಳ್ಳುತ್ತದೆ. ಈ ಒಂದು ಮಾತುಕತೆಗೆ ಹತ್ತು ನಿಮಿಷ ಸಾಕು. ಅದು ನಡೆದ ಮನೆ ಮತ್ತು ನಡೆಯದ ಮನೆಗಳ ವ್ಯತ್ಯಾಸ ಅವಳ ಕುತ್ತಿಗೆಯಲ್ಲಿ ಕಾಣುತ್ತದೆ.

ಲೇಸರ್ ಬಗ್ಗೆ ಜಾಹೀರಾತುಗಳೇ ಬೇಕಾದಷ್ಟು ಹೇಳುತ್ತವೆ. ಕೆಂಪು ತಗ್ಗಿಸಲು, ಮೊಡವೆಯ ತಗ್ಗು ಸಮ ಮಾಡಲು, ಸುಟ್ಟ ಕಲೆಯನ್ನು ಮೆದುಗೊಳಿಸಲು ಅದು ನೆರವಾಗುತ್ತದೆ, ಹಲವು ಸರದಿಗಳಲ್ಲಿ. ನಮ್ಮ ಬಣ್ಣದ ಚರ್ಮದಲ್ಲಿ ಪ್ರಮಾಣ ತಪ್ಪಿದರೆ ಹೊಸ ಕಪ್ಪು ಮೂಡುವುದರಿಂದ ಅನುಭವಿ ಚರ್ಮವೈದ್ಯರ ಕೈಯಲ್ಲೇ ಆಗಬೇಕು, ಬ್ಯೂಟಿ ಪಾರ್ಲರಿನಲ್ಲಿ ಅಲ್ಲ.

ಕಲೆಯನ್ನು ಅಳೆಯಲು ವೈದ್ಯರ ಬಳಿ ಮಾಪನಗಳಿವೆ. 1990ರ ವ್ಯಾಂಕೂವರ್ ಮಾಪನ ಬಣ್ಣ, ಎತ್ತರ, ಮೆದುತನ, ರಕ್ತ ಸಂಚಾರ ನೋಡಿ ಅಂಕ ಕೊಡುತ್ತದೆ, ಅಂಕ ಕೊಡುವವರು ವೈದ್ಯರು. 2004ರಲ್ಲಿ ನೆದರ್ಲೆಂಡ್ಸ್‌ನ ತಜ್ಞರು ತಂದ ಪೊಸಾಸ್ ಎಂಬ ಮಾಪನದಲ್ಲಿ ಎರಡು ಹಾಳೆ. ಒಂದನ್ನು ವೈದ್ಯರು ತುಂಬಬೇಕು, ಇನ್ನೊಂದನ್ನು ರೋಗಿ. ನೋವಿದೆಯೇ, ನವೆಯಿದೆಯೇ, ಬಣ್ಣ ಒಪ್ಪಿಗೆಯೇ, ಬಿಗಿತ ಇದೆಯೇ ಎಂದು ರೋಗಿಯನ್ನೇ ಕೇಳುತ್ತದೆ. ಎರಡು ಹಾಳೆಯ ಅಂಕಗಳು ಹೊಂದದಿರುವುದು ಉಂಟು. ವೈದ್ಯರ ಕಣ್ಣಿಗೆ ಚೆನ್ನಾಗಿ ಕೂತ ಕಲೆ ರೋಗಿಗೆ ರಾತ್ರಿಯಿಡೀ ನವೆ ಕೊಡುತ್ತಿರಬಹುದು. ವೈದ್ಯರು ಇನ್ನೂ ಸರಿಮಾಡಬೇಕೆಂದುಕೊಂಡ ಕಲೆಯೊಂದಿಗೆ ರೋಗಿ ಆಗಲೇ ಹೊಂದಿಕೊಂಡಿರಬಹುದು. ಇನ್ನೊಂದು ಆಪರೇಷನ್ ಬೇಕೇ ಎನ್ನುವುದನ್ನು ವರ್ಷ ತುಂಬಿದ ಮೇಲೆ ತೀರ್ಮಾನಿಸುವಾಗ ರೋಗಿಯ ಹಾಳೆಗೇ ಮೊದಲ ಸ್ಥಾನ ಸಿಗಬೇಕು.

ಹಣದ ವಿಚಾರದಲ್ಲಿ ಎರಡು ಸಂಗತಿ ಗೊತ್ತಿರಬೇಕು. ಅಂದಕ್ಕಾಗಿ ಮಾಡಿಸುವ ಪ್ಲಾಸ್ಟಿಕ್ ಸರ್ಜರಿಗೆ ಆರೋಗ್ಯ ವಿಮೆ ಹಣ ಕೊಡುವುದಿಲ್ಲ ಎಂಬುದು ನಿಜ. ಆದರೆ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್‌ರಚನೆಗೆ ಆ ನಿರ್ಬಂಧ ಅನ್ವಯಿಸುವುದಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಗೊತ್ತುಪಡಿಸಿದ ಷರತ್ತಿನಲ್ಲೇ ಬರೆದಿದೆ. ಆದ್ದರಿಂದ ವೈದ್ಯರ ಪತ್ರದಲ್ಲಿ ಕಲೆ ಹೇಗೆ ಬಂತು, ಯಾವ ಚಲನೆಗೆ ಅಡ್ಡಿಯಾಗಿದೆ ಎನ್ನುವುದು ಸ್ಪಷ್ಟವಾಗಿರಲಿ. ಅಪಘಾತದ ದಿನದ ಚೀಟಿಗಳನ್ನು ಎಸೆಯಬೇಡಿ. ಆ್ಯಸಿಡ್ ದಾಳಿಗೆ ಒಳಗಾದವರಿಗೆ ಕಾನೂನಿನ ಬಲವೇ ಇದೆ. ಅಂಥ ದಾಳಿಗೆ ಒಳಗಾಗಿದ್ದ ಲಕ್ಷ್ಮಿ ಎಂಬುವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಕನಿಷ್ಠ 3 ಲಕ್ಷ ರೂಪಾಯಿ ಪರಿಹಾರವನ್ನು ನಿಗದಿ ಮಾಡಿತು. 2015ರಲ್ಲಿ, ಖಾಸಗಿ ಆಸ್ಪತ್ರೆಗಳೂ ಔಷಧಿ, ಊಟ, ಹಾಸಿಗೆ, ಪುನರ್‌ರಚನಾ ಶಸ್ತ್ರಚಿಕಿತ್ಸೆ ಸೇರಿ ಪೂರ್ತಿ ಉಚಿತ ಚಿಕಿತ್ಸೆ ಕೊಡಬೇಕೆಂದು ಹೇಳಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅವರನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ.

ವೈದ್ಯರನ್ನು ಆರಿಸುವಾಗ ಬೋರ್ಡಿನ ಮೇಲಿನ ಕಾಸ್ಮೆಟಿಕ್ ಎಂಬ ಪದಕ್ಕಿಂತ ಹೆಸರಿನ ಮುಂದಿನ ಪದವಿ ನೋಡಿ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಅದಕ್ಕೆ ಸಮನಾದ ರಾಷ್ಟ್ರೀಯ ಮಂಡಳಿಯ ಪದವಿ ಇರಬೇಕು. ನಿಮ್ಮಂಥದೇ ಕಲೆ, ನಿಮ್ಮಂಥದೇ ಬಣ್ಣದ ಚರ್ಮ ಇರುವವರ ಫೋಟೋ ತೋರಿಸಿ ಎಂದು ಕೇಳಿ. ಆಪರೇಷನ್‌ಗೆ ಮುಂಚಿನದು, ಮೂರನೆಯ ತಿಂಗಳಿನದು, ವರ್ಷ ತುಂಬಿದ ಮೇಲಿನದು, ಮೂರೂ ಒಂದೇ ಬೆಳಕಿನಲ್ಲಿ, ಮೇಕಪ್ ಇಲ್ಲದೆ ತೆಗೆದಿರಬೇಕು. ಮೂರನೆಯ ತಿಂಗಳ ಕೆಂಪು ಕಲೆಯನ್ನು ಮುಚ್ಚಿಡದೆ ತೋರಿಸಿ, ಆಗ ಏನೇನು ಮಾಡಿದೆವು ಎಂದು ವಿವರಿಸುವವರ ಹತ್ತಿರ ಮುಂದಿನ ಪ್ರಶ್ನೆಗಳನ್ನು ಕೇಳಬಹುದು. ಹೊಲಿಗೆ ಬಿಚ್ಚಿದ ವಾರದ ಫೋಟೋಗಳಷ್ಟೇ ಇದ್ದರೆ, ಇನ್ನೊಬ್ಬರನ್ನೂ ಕಂಡು ಅವರ ಅಭಿಪ್ರಾಯ ಕೇಳಿದ ಮೇಲೆಯೇ ದಿನಾಂಕ ಗೊತ್ತುಮಾಡಿ.